ಎಕರೆ, ಗುಂಟೆ ಮತ್ತು ಭಾಗಾಕಾರ

ನಮ್ಮಜ್ಜಿಗೆ ಓದು ಬರಹ ಇರಲಿಲ್ಲ. ಆದರೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಿಪಾಠ. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಖಂಡುಗಕ್ಕೆ 20 ಕೊಳಗ. ಮುಳಬಾಗಿಲು ಸಂತೆಯಲ್ಲಿ ಅವಳಿಗೆ ಮೋಸ ಮಾಡಿದವರಿಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಮಾತ್ರ ಅಂಗಡಿಯವನ ಜೊತೆ ಜಗಳವಾಡಿದಳಂತೆ: ಆಣೆಗೆ 6 ಪೈಸೆಯಾದರೆ 16 ಆಣೆಗೆ 96, ರೂಪಾಯಿಗೆ ನೂರು ಅನ್ನುತ್ತೀಯ, ಉಳಿದ ನಾಲ್ಕು ಯಾರ ಜೇಬಿಗೆ? ಸರಿಯಾದ ಪ್ರಶ್ನೆಯೇ!

1958ರಿಂದ ಹಂತಹಂತವಾಗಿ ಸೇರು, ಮಣ ಹೋಗಿ ಕಿಲೋ ಬಂತು. ಬಿಂದು ಸರಿಸಿದರೆ ಲೆಕ್ಕ ಮುಗಿಯಿತು; ಕಲಿಸುವ ನಮಗೂ ಸುಖ. ಹೊಲ ಮಾತ್ರ ದಶಮಾಂಶಕ್ಕೆ ಬಗ್ಗಲಿಲ್ಲ. ಇವತ್ತಿಗೂ ಪಹಣಿಯಲ್ಲಿ ಎಕರೆ, ಗುಂಟೆಯೇ. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ.

ಶ್ರೀನಿವಾಸಪುರದ ಕಡೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಲೆಕ್ಕ ಕೊಟ್ಟೆ. ತಂದೆತಾಯಿ ಬಿಟ್ಟುಹೋದ ಮಾವಿನ ತೋಪು 3 ಎಕರೆ 20 ಗುಂಟೆ. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ತಲಾ ಎಷ್ಟು? ಹಲವರು 320 ಎಂದು ಬರೆದು ನಾಲ್ಕರಿಂದ ಭಾಗಿಸಿದರು. ಹುಣಸೆಬೀಜ ಹರಡಿ, ಎಕರೆಗೆ 40ರಂತೆ ಮೊದಲು ಗುಂಟೆ ಮಾಡಿಸಿದೆ: 140. ನಾಲ್ಕು ಪಾಲಿಗೆ 35.

ಒಬ್ಬ ಹುಡುಗಿಯ ಸ್ಲೇಟಿನಲ್ಲಿ ಮಾತ್ರ 46, ಶೇಷ 2.

"ಮೂರರಿಂದ ಯಾಕಮ್ಮ ಭಾಗಿಸಿದೆ?"

"ಅಕ್ಕನಿಗೆ ಮದುವೆಯಾಗಿರುತ್ತಲ್ಲ, ಮಿಸ್."

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ಕರ್ನಾಟಕದಲ್ಲಿ ಕಾನೂನು ಜಾರಿಯಾದದ್ದು 1994ರಲ್ಲಿ. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಬಿಡಲಿಲ್ಲ. ಅವಳ ಸ್ಲೇಟಿನಲ್ಲಿ ಮೂರನ್ನು ಅಳಿಸಿ ನಾಲ್ಕು ಬರೆದೆ.

ಮಾಲೂರಿನ ನನ್ನ ತವರಿನ ಪಹಣಿಯಲ್ಲಿ ಅಣ್ಣಂದಿರ ಹೆಸರಷ್ಟೇ ಇದೆ. ಹಕ್ಕು ಬಿಡುಗಡೆ ಪತ್ರಕ್ಕೆ ನಾನೇ ಸಹಿ ಹಾಕಿದ್ದೆ, ಅರಿಶಿನ ಕುಂಕುಮದ ಸೀರೆ ತೆಗೆದುಕೊಂಡು.