ಕೀಬೋರ್ಡ್‌ಗೆ ನಮ್ಮ ಡೊಳ್ಳು, ದಿಮ್ಮಿ ಸೌಂಡ್ ಹಾಕೋದು ಹೇಗೆ? ಮೊದಲು ಇಷ್ಟು ತಿಳ್ಕೊಳ್ಳಿ

ಕಮಲಾಪುರ: ಜಾತ್ರೆ, ಮದುವೆ, ಗಣೇಶ ಹಬ್ಬ ಬಂದರೆ ಹೊಸಪೇಟೆ, ಕಂಪ್ಲಿ, ಸಂಡೂರು ಭಾಗದ ಆರ್ಕೆಸ್ಟ್ರಾ ಮತ್ತು ಭಜನಾ ತಂಡಗಳಿಗೆ ಬಿಡುವಿರೋದಿಲ್ಲ. ಕೀಬೋರ್ಡ್‌ನಲ್ಲಿ ಭಾಂಗ್ರಾ, ದಾಂಡಿಯಾ ಸಿಗುತ್ತೆ. ನಮ್ಮ ಡೊಳ್ಳು, ಹಲಗೆ, ಚೌಡಿಕೆ ಸಿಗೋದು ಕಷ್ಟ. ಹೊರಗಿನಿಂದ ಹಾಕಬಹುದು. ಆದರೆ ಆತುರಪಟ್ಟರೆ ಕಾರ್ಯಕ್ರಮದ ಹಿಂದಿನ ದಿನ ಇದ್ದದ್ದೂ ಅಳಿಸಿಹೋಗುತ್ತೆ.

ಸ್ಟೈಲ್ ಬೇರೆ, ಸೌಂಡ್ ಬೇರೆ

ಸ್ಟೈಲ್ ಅಂದರೆ ತಾಳದ ನಡೆ: ಇಂಟ್ರೊ, ಮೇನ್, ಫಿಲ್, ಎಂಡಿಂಗ್. ಯಾವ ಪೆಟ್ಟು ಯಾವಾಗ ಬೀಳಬೇಕು ಅನ್ನೋದಷ್ಟೇ ಅದರಲ್ಲಿರುತ್ತೆ. ಡೊಳ್ಳಿನ ನಿಜವಾದ ದನಿ ಸೌಂಡ್ ಫೈಲ್‌ನಲ್ಲಿರುತ್ತೆ. ಸ್ಟೈಲ್ ಮಾತ್ರ ತಂದು ಸೌಂಡ್ ಹಾಕದಿದ್ದರೆ ಡೊಳ್ಳಿನ ಜಾಗದಲ್ಲಿ ಬೇರೇನೋ ಬಡಿಯುತ್ತೆ. ಕೀಬೋರ್ಡ್ ಕೆಟ್ಟಿದೆ ಅಂತ ರಿಪೇರಿಗೆ ಕೊಡಬೇಡಿ.

ಯಾವ ಕೀಬೋರ್ಡ್‌ಗೆ ಹೇಗೆ?

ಯಮಹಾ ಪಿಎಸ್‌ಆರ್-ಎಸ್‌ಎಕ್ಸ್ ಸರಣಿ: ಸ್ಟೈಲ್ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ ನೇರವಾಗಿ ನುಡಿಸಬಹುದು. ಸೌಂಡ್‌ಗೆ ಕಂಪ್ಯೂಟರ್ ಬೇಕು. ಕೀಬೋರ್ಡ್‌ನ ಎಕ್ಸ್‌ಪಾನ್ಷನ್ ಮೆನುವಿನಿಂದ ಮಾಹಿತಿ ಫೈಲನ್ನು ಪೆನ್ ಡ್ರೈವ್‌ಗೆ ತೆಗೆದುಕೊಳ್ಳಿ. ಯಮಹಾ ಎಕ್ಸ್‌ಪಾನ್ಷನ್ ಮ್ಯಾನೇಜರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ತಕ್ಕ ಪ್ಯಾಕ್ ಮಾಡಿ, ಮತ್ತೆ ಕೀಬೋರ್ಡ್‌ಗೆ ಹಾಕಿ. ಹೊಸ ಪ್ಯಾಕ್ ಹಾಕಿದರೆ ಹಳೇದು ಹೋಗುತ್ತೆ. ಎರಡೂ ಬೇಕಿದ್ದರೆ ಒಂದೇ ಫೈಲ್‌ಗೆ ಸೇರಿಸಿ.

ಕೋರ್ಗ್ ಪಿಎ ಸರಣಿ: ಮೀಡಿಯಾ ಪುಟದ ಲೋಡ್‌ನಿಂದ ಎಸ್‌ಇಟಿ ಫೋಲ್ಡರ್ ತೆರೆಯಿರಿ. ಪೂರ್ತಿ ಫೋಲ್ಡರ್ ಲೋಡ್ ಮಾಡಿದರೆ ನಿಮ್ಮ ಯೂಸರ್ ಬ್ಯಾಂಕ್‌ಗಳ ಮೇಲೆ ಹೊಸದು ಬಂದು ಕೂರುತ್ತೆ. ಬೇಕಾದ ಸ್ಟೈಲನ್ನಷ್ಟೇ ಖಾಲಿ ಜಾಗಕ್ಕೆ ಹಾಕೋದು ಒಳ್ಳೇದು.

ಯಮಹಾ ಪಿಎಸ್‌ಆರ್-ಐ500: ಭಾರತೀಯ ಸೌಂಡ್‌ಗಳನ್ನು ಕಂಪನಿಯೇ ಹಾಕಿರುತ್ತೆ. ಆದರೆ ಹೊರಗಿನ ಸೌಂಡ್ ಪ್ಯಾಕ್ ಇದಕ್ಕೆ ಆಗೋದಿಲ್ಲ. ಪ್ಯಾಕ್ ಕೊಳ್ಳುವ ಮುನ್ನ ಮಾಡೆಲ್ ನಂಬರ್ ನೋಡಿ.

ನೆನಪಿಡಿ, ಯಮಹಾ ಮತ್ತು ಕೋರ್ಗ್ ಎರಡರ ಸ್ಟೈಲ್ ಫೈಲಿಗೂ ಎಸ್‌ಟಿವೈ ಎಂದೇ ಬಾಲ ಇರುತ್ತೆ. ಆದರೆ ಒಂದರದ್ದು ಇನ್ನೊಂದಕ್ಕೆ ನೇರವಾಗಿ ಓಡಲ್ಲ. ಏನೇ ಹಾಕುವ ಮೊದಲು ಇರೋದನ್ನೆಲ್ಲ ಬೇರೆ ಪೆನ್ ಡ್ರೈವ್‌ಗೆ ಬ್ಯಾಕಪ್ ತಗೊಳ್ಳಿ.

ನೀವೇ ರೆಕಾರ್ಡ್ ಮಾಡೋದಾದರೆ

ಡೊಳ್ಳಿನ ಕೋಲಿನ ಪೆಟ್ಟು, ಕೈಯ ಪೆಟ್ಟು ಬೇರೆ ಬೇರೆ ಮಾಡಿ. ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಬಾರಿಸಿ. ಫ್ಯಾನ್ ಆರಿಸಿ, ವೇವ್ ಫೈಲ್‌ನಲ್ಲಿ ಉಳಿಸಿ. ಪೆಟ್ಟಿನ ಮುಂದಿನ ಖಾಲಿ ಜಾಗ ಕತ್ತರಿಸದಿದ್ದರೆ ತಾಳ ಹಿಂದೆ ಬೀಳುತ್ತೆ. ಆಮೇಲೆ ಒಂದೊಂದು ಪೆಟ್ಟನ್ನು ಒಂದೊಂದು ಕೀಗೆ ಹಂಚಿ.

ಬಾರಿಸಿದವರನ್ನು ಮರೀಬೇಡಿ

ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮ ಅವರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತ್ತು. 2014ರಲ್ಲಿ ಅವರು ತೀರಿಕೊಂಡರು. ಅಂಥವರ ಕಥೆಗೆ ಜೊತೆಯಾಗುತ್ತಿದ್ದ ದಿಮ್ಮಿಯ ದನಿ ಪೆನ್ ಡ್ರೈವ್‌ನಲ್ಲಿ ಉಳಿಯಬಹುದು, ಕಲಾವಿದರ ಹೊಟ್ಟೆ ಅದರಿಂದ ತುಂಬಲ್ಲ. ಒಮ್ಮೆ ರೆಕಾರ್ಡ್ ಆದ ಪೆಟ್ಟು ನೂರು ಮದುವೆಯಲ್ಲಿ ಮೊಳಗುತ್ತೆ, ಬಾರಿಸಿದವರಿಗೆ ಕರೆಯೇ ಬರೋದಿಲ್ಲ. ಹಾಗಾಗಿ ಮೊದಲೇ ಒಪ್ಪಿಗೆ ಕೇಳಿ, ಕೂಲಿ ಮಾತಾಡಿ ಕೊಡಿ, ಫೈಲ್ ಮಾರೋದಾದರೆ ಅದನ್ನೂ ಹೇಳಿ. ದೊಡ್ಡ ಕಾರ್ಯಕ್ರಮವಿದ್ದರೆ ಕೀಬೋರ್ಡ್ ಪಕ್ಕದಲ್ಲಿ ಅವರನ್ನೇ ನಿಲ್ಲಿಸಿ.