ಲೋಹಕ್ಕೆ ಬೆಸೆದ ಗಾಜು: ಮೀನಾಕಾರಿ ಒಡವೆಯ ಕತೆ

ಜೈಪುರದ ಮೀನಾಕಾರಿ ಒಡವೆಗಳನ್ನು ನೀವು ನೋಡಿರಬಹುದು. ಬಿಳಿಯ ನೆಲದ ಮೇಲೆ ಕೆಂಪು ಹೂ, ಹಸಿರು ಎಲೆ. ಅದು ಬಳಿದ ಬಣ್ಣವಲ್ಲ. ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಇದೇ ಎನಾಮಲ್. ಕುಲುಮೆಯಲ್ಲಿ ಸುಮಾರು 800° ಸೆ. ಉಷ್ಣತೆಯನ್ನು ತಾಳಿ ಬಂದ ಈ ಗಾಜು, ಮುಂದೊಂದು ದಿನ ದುರಸ್ತಿಗೆಂದು ಹಿಡಿದ ಪುಟ್ಟ ಜ್ವಾಲೆಗೆ ಬಿರುಕು ಬಿಡಬಹುದು. ಏಕೆ?

ಮೊದಲು ಸ್ವಲ್ಪ ಇತಿಹಾಸ. ಸೈಪ್ರಸ್ ದ್ವೀಪದ ಕೂಕ್ಲಿಯಾದ ಗೋರಿಯೊಂದರಲ್ಲಿ ದೊರೆತ ಆರು ಚಿನ್ನದ ಉಂಗುರಗಳು ಈ ಕಲೆಯ ಅತಿ ಹಳೆಯ ಮಾದರಿಗಳ ಸಾಲಿಗೆ ಸೇರುತ್ತವೆ. ಅವುಗಳ ಕಾಲ ಕ್ರಿ.ಪೂ. 13ನೆಯ ಶತಮಾನ. ಭಾರತದಲ್ಲಿ ಈ ಕಲೆ ಅರಳಿದ್ದು ಮೊಗಲರ ಕಾಲದಲ್ಲಿ. ಅಂಬರ್‌ನ ರಾಜಾ ಮಾನಸಿಂಗ್ (ಆಳ್ವಿಕೆ 1589-1614) ಲಾಹೋರಿನಿಂದ ಕುಶಲಕರ್ಮಿಗಳನ್ನು ಕರೆತಂದನೆಂಬುದು ಪ್ರತೀತಿ. 1727ರಲ್ಲಿ ಸ್ಥಾಪನೆಯಾದ ಜೈಪುರ ಮುಂದೆ ಈ ಕಲೆಯ ತವರಾಯಿತು. 1886ರಲ್ಲಿ ಜೇಕಬ್ ಮತ್ತು ಹೆಂಡ್ಲಿ ಎಂಬಿಬ್ಬರು ಜೈಪುರದ ಎನಾಮಲ್ ಕುರಿತೇ ಒಂದು ಪುಸ್ತಕ ಪ್ರಕಟಿಸಿದರು.

ಇದನ್ನು ಮಾಡುವ ಬಗೆ ಹೀಗೆ: ಚಿನ್ನದ ಮೇಲೆ ಚಿತ್ತಾರ ಕೊರೆದು, ಆ ತಗ್ಗುಗಳಲ್ಲಿ ಗಾಜಿನ ಪುಡಿ ತುಂಬಿ ಸುಡುತ್ತಾರೆ. ಬಣ್ಣ ಕೊಡುವವು ಲೋಹಗಳ ಆಕ್ಸೈಡುಗಳು. ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು, ತವರದಿಂದ ಬಿಳಿ. ಹೆಚ್ಚು ಶಾಖ ತಡೆಯುವ ಬಿಳಿಯನ್ನು ಮೊದಲು, ಶಾಖಕ್ಕೆ ಬೇಗ ಕೆಡುವ ಕೆಂಪನ್ನು ಕೊನೆಗೆ ಸುಡುವುದು ವಾಡಿಕೆ. ಚಿನ್ನ ಕರಗುವುದು 1064° ಸೆ.ನಲ್ಲಿ; ಆದ್ದರಿಂದ ಗಾಜು ಕರಗಿದರೂ ಚಿನ್ನ ಉಳಿಯುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಗಾಜು ಎಳೆತವನ್ನು ತಾಳದು, ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ತಣಿಯುವಾಗ ಲೋಹವು ಗಾಜಿಗಿಂತ ಸ್ವಲ್ಪ ಹೆಚ್ಚು ಕುಗ್ಗುವಂತೆ ಗಾಜಿನ ಮಿಶ್ರಣವನ್ನು ಆರಿಸಿದರೆ, ಗಾಜು ಸದಾ ಒತ್ತಡದಲ್ಲಿದ್ದು ಗಟ್ಟಿಯಾಗಿ ಕೂರುತ್ತದೆ. ಕುಲುಮೆಯಲ್ಲಿ ಇಡೀ ಒಡವೆ ಒಟ್ಟಿಗೆ ಕಾಯುತ್ತದೆ. ಗಾಜು ಮೆದುವಾಗಿ ಒಳಗಿನ ಬಿಗಿ ಸಡಿಲಗೊಳ್ಳುತ್ತದೆ. ಆದರೆ ಜ್ವಾಲೆಯು ಒಂದು ಮೂಲೆಯನ್ನಷ್ಟೆ ಕಾಯಿಸುತ್ತದೆ. ಅಲ್ಲಿ ಲೋಹ ಹಿಗ್ಗಿ ಇನ್ನೂ ಗಡುಸಾಗಿರುವ ಗಾಜನ್ನು ಎಳೆಯುತ್ತದೆ. ಬಿರುಕಿಗೆ ಅಷ್ಟು ಸಾಕು. ಒಡವೆ ಬಾಗಿದರೂ ನೆಲಕ್ಕೆ ಬಿದ್ದರೂ ಆಗುವುದು ಇದೇ.

ಆರೈಕೆಯ ನಿಯಮಗಳೆಲ್ಲ ಇದರಿಂದಲೇ ಹೊರಡುತ್ತವೆ. ದುರಸ್ತಿಗೆ ಕೊಡುವಾಗ ಅದು ಎನಾಮಲ್ ಎಂದು ಅಕ್ಕಸಾಲಿಗರಿಗೆ ಮೊದಲೇ ತಿಳಿಸಿ. ಶ್ರವಣಾತೀತ ತರಂಗಗಳಿಂದ ತೊಳೆಯುವ ಯಂತ್ರಕ್ಕೆ ಹಾಕಿಸಬೇಡಿ. ಕಣ್ಣಿಗೆ ಕಾಣದ ಬಿರುಕು ಅದರಲ್ಲಿ ದೊಡ್ಡದಾಗಬಹುದು. ಆಮ್ಲವು ಗಾಜಿನ ಮೇಲ್ಮೈಯನ್ನು ಸವೆಸಿ ಹೊಳಪು ಕೆಡಿಸುತ್ತದೆ. ಹುಣಸೆ, ನಿಂಬೆ ಬೇಡ. ಹಲ್ಲುಪುಡಿಯ ಕಣಗಳು ಗೀರು ಮೂಡಿಸಬಲ್ಲವು. ಉಗುರು ಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೃದು ಬಟ್ಟೆ ಸಾಕು. ಆದರೆ ಮುಂಭಾಗದಲ್ಲಿ ಕುಂದನ್ ಹರಳುಗಳಿದ್ದರೆ ನೀರಿನಲ್ಲಿ ಅದ್ದಲೇಬೇಡಿ. ಹರಳಿನ ಹಿಂದಿನ ತೆಳು ಹಾಳೆಗೆ ತೇವ ತಗುಲಿದರೆ ಹೊಳಪು ಮಾಸುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸುತ್ತಿಡಿ.

ಉಪಾಧ್ಯಾಯರು ತರಗತಿಯಲ್ಲಿ ದ್ವಿಲೋಹ ಪಟ್ಟಿ ಕಾಯಿಸಿದರೆ ಬಾಗುವುದನ್ನು ತೋರಿಸುತ್ತಾರಲ್ಲವೆ? ತೆಳು ತಾಮ್ರದ ತಗಡಿನ ಒಂದೇ ಬದಿಗೆ ಎನಾಮಲ್ ಹಾಕಿದರೆ ಅದೂ ತಣಿಯುವಾಗ ಬಾಗುತ್ತದೆ. ಅದಕ್ಕೇ ಕುಶಲಕರ್ಮಿಗಳು ಹಿಂಬದಿಗೂ ಎನಾಮಲ್ ಹಾಕುತ್ತಾರೆ. ಪಾಠದ ತತ್ತ್ವ ಪಠ್ಯಪುಸ್ತಕಕ್ಕೆ ಬರುವ ಎಷ್ಟೋ ಮೊದಲೇ ಕುಲುಮೆಯ ಮುಂದೆ ಕುಳಿತವರ ಕೈಗೆ ದಕ್ಕಿತ್ತು.