ತಾಲೀಮಿನ ಮಣ್ಣಿನಿಂದ ಚೆಂಡಿನ ಬಯಲಿಗೆ

ಉರ್ದು ಶಾಲೆಯಲ್ಲಿ ನಾವು ಮೊದಮೊದಲು ಕಲಿತ ಮಾತುಗಳಲ್ಲಿ ‘ತಾಲೀಮ್’ ಒಂದು. ಅಲ್ಲಿ ಅದರ ಅರ್ಥ ವಿದ್ಯೆ, ಶಿಕ್ಷಣ. ಶಾಲೆ ಬಿಟ್ಟು ಓಣಿಗೆ ಬಂದರೆ ಅದೇ ಮಾತಿಗೆ ಬೇರೆಯೇ ಅರ್ಥ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ತಾಲೀಮು ಎಂದರೆ ಗರಡಿಮನೆ. ಎಣ್ಣೆ, ಮಜ್ಜಿಗೆ, ಅರಿಸಿನ ಕೂಡಿಸಿ ಹದ ಮಾಡಿದ ಕೆಂಪು ಮಣ್ಣು, ಮೂಲೆಯಲ್ಲಿ ಎತ್ತುವ ಗುಂಡು, ಗೋಡೆಯಲ್ಲಿ ಹನುಮಪ್ಪನ ಪಟ. ಬಹಳ ವರ್ಷ ಈ ಎರಡು ಅರ್ಥಗಳು ನಮಗೆ ಸಂಬಂಧವಿಲ್ಲದವುಗಳಂತೆ ಕಂಡಿದ್ದವು. ಈಗ ಹಾಗೆ ಅನಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಸರಕಾರದ ಶಾಲೆ ಬರುವ ಮೊದಲೇ ಪಡ್ಡೆ ಹುಡುಗರಿಗೆ ಶಾಲೆಯಾಗಿದ್ದದ್ದು ಈ ಮಣ್ಣಿನ ಕೋಣೆಯೇ.

ಅಲ್ಲಿನ ಮಾತುಗಳನ್ನು ಗಮನಿಸಿ. ಕಲಿಸುವವನು ‘ವಸ್ತಾದ’, ಅದು ಪಾರಸಿಯ ‘ಉಸ್ತಾದ್’. ಕಲಿತವನು ‘ಪೈಲ್ವಾನ’, ಅದೂ ಪಾರಸಿ. ‘ಕುಸ್ತಿ’ಯೂ ಅಲ್ಲಿಂದಲೇ ಬಂದದ್ದು. ‘ತಾಲೀಮ್’ ಅರಬ್ಬಿಯಿಂದ ಹೊರಟು, ಮರಾಠಿಯ ದಾರಿ ಹಿಡಿದು ನಮ್ಮ ಸೀಮೆಗೆ ಬಂತು. ‘ಗುಂಡು’, ‘ಪಟ್ಟು’, ‘ಸಾಮು’ ಮಾತ್ರ ಇಲ್ಲಿನವು. ಹನುಮಪ್ಪನ ಪಟದ ಕೆಳಗೆ ಪಾರಸಿ ಮಾತುಗಳನ್ನಾಡುತ್ತ ಲಿಂಗಾಯತರ, ಕುರುಬರ, ಮರಾಠರ, ಮುಸಲ್ಮಾನರ ಹುಡುಗರು ಒಂದೇ ಮಣ್ಣು ಹಣೆಗೆ ಮುಟ್ಟಿಸಿಕೊಂಡು ಅಖಾಡಕ್ಕೆ ಇಳಿಯುತ್ತಿದ್ದರು. ಜಾತ್ರೆಗೂ ಕುಸ್ತಿ, ಮೊಹರಮ್ಮಿಗೂ ಕುಸ್ತಿ. ಒಂದೂ ಮುಸಲ್ಮಾನರ ಮನೆಯಿಲ್ಲದ ಊರಿನಲ್ಲಿ ಕೂಡ ಪಂಜಾ ಕೂಡಿಸುವ ಸೀಮೆ ಇದು. ಯಾರೂ ಇದನ್ನು ಸೌಹಾರ್ದ ಎಂದು ಕರೆದು ವೇದಿಕೆ ಕಟ್ಟಿರಲಿಲ್ಲ. ಅದು ದಿನದ ಬದುಕಾಗಿತ್ತು.

ಈ ನೆಲಕ್ಕೆ ಗರಡಿಯ ನೆನಪು ಹಳೆಯದು. 1824ರಲ್ಲಿ ಕಿತ್ತೂರು ಇಂಗ್ಲಿಷರಿಗೆ ಎದುರು ನಿಂತಾಗ, ಅದರ ಬೆನ್ನಿಗೆ ಸಂಗೊಳ್ಳಿ ರಾಯಣ್ಣ ಹಳ್ಳಿಗಳ ಜನರನ್ನು ಕಟ್ಟಿಕೊಂಡು ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದಾಗ, ಸಂಬಳದ ಸೈನಿಕರಷ್ಟೇ ಕಾದಲಿಲ್ಲ. ಊರಿನ ಹುಡುಗರೂ ಕಾದಿದರು. ಸಂಗೊಳ್ಳಿಯಲ್ಲಿ ರಾಯಣ್ಣನ ಗರಡಿಮನೆ ಎಂದು ಜನ ಇಂದಿಗೂ ಒಂದು ಜಾಗ ತೋರಿಸುತ್ತಾರೆ. ಸಾಕ್ಷಿ ಕೇಳುವುದು ಇತಿಹಾಸಕಾರರ ಕೆಲಸ. ತಮ್ಮ ವೀರನನ್ನು ಜನ ಅರಮನೆಯಲ್ಲಿ ಕಾಣದೆ ಗರಡಿಮನೆಯಲ್ಲಿ ಕಂಡರು ಎಂಬುದು ಮಾತ್ರ ನಮಗೆ ದೊಡ್ಡ ಸಂಗತಿ.

ತಾಲೀಮು ನಡೆಯುತ್ತಿದ್ದ ರೀತಿಯನ್ನು ಕಣ್ಣಾರೆ ಕಂಡವರು ನಾವು. ವಸ್ತಾದನಿಗೆ ಪಗಾರ ಇರಲಿಲ್ಲ. ಹಗಲೆಲ್ಲ ಹೊಲದಲ್ಲೋ ಗಿರಣಿಯಲ್ಲೋ ದುಡಿದವನು ಹೊತ್ತು ಮುಳುಗಿದ ಮೇಲೆ ಬಂದು ಮಣ್ಣು ಸಡಿಲಿಸುತ್ತಿದ್ದ. ಯಾರ ಮಗ ಎರಡು ದಿನ ಬಂದಿಲ್ಲ, ಯಾರು ಬೀಡಿ ಸೇದಲು ಕಲಿತಿದ್ದಾನೆ, ಯಾರ ಮನೆಯಲ್ಲಿ ಹಾಲಿಗೆ ಗತಿಯಿಲ್ಲ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಎಣ್ಣೆ, ದೀಪದ ಖರ್ಚನ್ನು ಊರಿನವರು ವರ್ಗಣಿ ಎತ್ತಿ ಕೊಡುತ್ತಿದ್ದರು. ಇಂದಿನ ಭಾಷೆಯಲ್ಲಿ ಇದನ್ನೇ ಸ್ವಯಂಸೇವಕರ ಕ್ಲಬ್ಬು ಎನ್ನುತ್ತಾರೆ.

ಆದರೆ ತಾಲೀಮನ್ನು ಹೊಗಳುವ ಭರದಲ್ಲಿ ಸತ್ಯ ಮರೆಯಬಾರದು. ಗರಡಿಗೆ ಬಾಗಿಲಿತ್ತು. ಎಷ್ಟೋ ಊರುಗಳಲ್ಲಿ ಆ ಬಾಗಿಲು ದಲಿತರ ಹುಡುಗರಿಗೆ ತೆರೆಯಲಿಲ್ಲ. ಹೆಣ್ಣುಮಕ್ಕಳಿಗಂತೂ ಆ ಕಡೆ ನೋಡುವುದೇ ತಪ್ಪಾಗಿತ್ತು. ಹಳೆಯದನ್ನು ಹಾಗೆಯೇ ತಂದು ನಿಲ್ಲಿಸುವುದು ನಮ್ಮ ಆಸೆಯಲ್ಲ. ಅದರಲ್ಲಿದ್ದ ಒಳ್ಳೆಯದಕ್ಕೆ ಬಾಗಿಲಿಲ್ಲದ ಒಂದು ಬಯಲು ಸಿಕ್ಕೀತೇ ಎಂಬುದು ನಮ್ಮ ಪ್ರಶ್ನೆ.

ಅಂಥದೊಂದು ನಮ್ಮ ನೆರೆಯ ಕೊಲ್ಲಾಪುರದಲ್ಲಿ ಆಗಿದೆ. ನಮ್ಮ ಕಡೆಯ ಪೈಲ್ವಾನರು ಹೆಚ್ಚಿನ ಕಲಿಕೆಗಾಗಿ ಹೋಗುತ್ತಿದ್ದದ್ದೂ ಅಲ್ಲಿಗೇ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಮೀಸಲಾತಿ ತಂದರು, 1906ರಲ್ಲಿ ಮುಸಲ್ಮಾನ ಹುಡುಗರ ಓದಿಗಾಗಿ ಬೋರ್ಡಿಂಗ್ ಆರಂಭಿಸಿದರು, 1912ರಲ್ಲಿ ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದರು. ಮುಂದೆ ಆ ಊರಿಗೆ ಫುಟ್‌ಬಾಲ್ ಬಂದಾಗ ಹುಡುಗರು ಹೊಸ ಸಂಘ ಹುಡುಕಿಕೊಂಡು ಹೋಗಲಿಲ್ಲ. ಇದ್ದ ತಾಲೀಮುಗಳೇ ತಂಡಗಳಾದವು. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು, ದಿಲ್‌ಬಹಾರ್ ತಾಲೀಮು ಇವೆಲ್ಲ ಇಂದು ಅಲ್ಲಿನ ಫುಟ್‌ಬಾಲ್ ತಂಡಗಳ ಹೆಸರು! ಪೇಟೆಗೊಂದು ತಾಲೀಮು, ತಾಲೀಮಿಗೊಂದು ತಂಡ. ಪಂದ್ಯವಿದ್ದ ದಿನ ಶಾಹು ಮೈದಾನಕ್ಕೆ ಪೇಟೆಗೆ ಪೇಟೆಯೇ ಎದ್ದು ಬರುತ್ತದೆ. 2017ರಲ್ಲಿ ಭಾರತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ದೇಶದ ಪರ ಆಡಿದ ಅನಿಕೇತ್ ಜಾಧವ್ ಇದೇ ಊರಿನ ಹುಡುಗ, ಆಟೋ ಓಡಿಸುವ ತಂದೆಯ ಮಗ.

ಅಲ್ಲಿಯೂ ಎಲ್ಲ ಸರಿಯಿದೆ ಎನ್ನಲಾರೆವು. ಪೇಟೆಯ ಅಭಿಮಾನ ಹದ ಮೀರಿ ಮೈದಾನದಲ್ಲಿ ಹೊಡೆದಾಟಗಳಾಗಿವೆ. ಕ್ಲಬ್ಬು ಕಟ್ಟುವುದು ಸುಲಭ, ಸೋಲುವುದನ್ನು ಕಲಿಸುವ ವಸ್ತಾದನನ್ನು ಹುಡುಕುವುದು ಕಷ್ಟ.

ನಮ್ಮ ರಾಜ್ಯದಲ್ಲಿ ಈ ಕತೆಯ ದೊಡ್ಡ ಅಧ್ಯಾಯವಿರುವುದು ಬೆಂಗಳೂರಿನಲ್ಲಿ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. ದಶಕಗಳ ಕಾಲ ಅದನ್ನು ಬಿಳಿಯರ ಪಲ್ಟನ್ನುಗಳೇ ಗೆದ್ದುಕೊಂಡು ಹೋದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರ್ ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ದರು, 1948ರಲ್ಲಿ ಇನ್ನೊಮ್ಮೆ. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತು. ಅಂದು ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಅದೇ. ಪಕ್ಕದಲ್ಲಿ ಆಡುತ್ತಿದ್ದವರು ಬೆಂಗಳೂರಿನವರೇ ಆದ ಅಹ್ಮದ್ ಖಾನ್. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ರಾಮನ್ ಮತ್ತು ಅಹ್ಮದ್ ಖಾನರ ನಡುವೆ ಚೆಂಡು ಹೋಗಿ ಬರುವಾಗ ಅದಕ್ಕೆ ಜಾತಿಯ ಚೀಟಿ ಅಂಟಿರಲಿಲ್ಲ.

‘ಮುಸ್ಲಿಮ್ಸ್’ ಎಂಬ ಹೆಸರಿನ ಬಗ್ಗೆ ಓದುಗರು ಕೇಳಬಹುದು. ಆ ಕಾಲದ ಸಂಘಗಳು ಹೀಗೆಯೇ ಸಮುದಾಯದ ಹೆಸರಿನಲ್ಲಿ ಹುಟ್ಟುತ್ತಿದ್ದವು. ಕಲ್ಕತ್ತೆಯಲ್ಲಿ 1934ರಿಂದ 1938ರವರೆಗೆ ಸತತ ಐದು ಸಲ ಲೀಗ್ ಗೆದ್ದ ತಂಡದ ಹೆಸರೂ ಮೊಹಮ್ಮಡನ್ ಸ್ಪೋರ್ಟಿಂಗ್. ಹಿಂದೆ ಬಿದ್ದ ಸಮುದಾಯಕ್ಕೆ ತನ್ನ ಮಕ್ಕಳು ಗೆಲ್ಲುವುದನ್ನು ಕಾಣುವ ಹಸಿವು ಇರುತ್ತದೆ. ಅದನ್ನು ತಪ್ಪೆನ್ನಲಾಗದು. ಆದರೆ ಸಂಘದ ಬೆಲೆ ಅದರ ಹೆಸರಿನಿಂದ ನಿಲ್ಲುವುದಿಲ್ಲ. ಬಯಲಿಗೆ ಬಂದ ಹುಡುಗನನ್ನು ಅದು ಯಾರ ಮಗನೆಂದು ಕೇಳಿ ಸೇರಿಸುತ್ತದೋ, ಕೇಳದೆ ಸೇರಿಸುತ್ತದೋ ಎಂಬುದರಿಂದ ನಿಲ್ಲುತ್ತದೆ. ಇಂದಿನ ದಿನಗಳಲ್ಲಿ ಈ ಮಾತನ್ನು ನಾವು ನಮ್ಮವರಿಗೂ ಹೇಳಬೇಕು, ಇತರರಿಗೂ ಹೇಳಬೇಕು.

ಮೈಸೂರು ರಾಜ್ಯದ ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 54 ವರ್ಷಗಳ ಬರ. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಇಂಥ ಬರದಲ್ಲೂ ಆಟ ಸಾಯದೆ ಉಳಿಯುವುದು ಓಣಿಯ ಸಂಘಗಳಿಂದ. ಚೆಂಡಿಗೆ ಗಾಳಿ ತುಂಬಿ, ಸುಣ್ಣದ ಗೆರೆ ಎಳೆದು, ಸೀಟಿ ಊದಿ, ಕತ್ತಲಾದ ಮೇಲೆ ಮಕ್ಕಳನ್ನು ಮನೆಗೆ ಮುಟ್ಟಿಸುವ ಹೆಸರಿಲ್ಲದವರಿಂದ. ನಮ್ಮ ಜಿಲ್ಲೆಯಲ್ಲೇ ನೋಡಿ: ಬೆಳಗಾವಿಯ ಕ್ಯಾಂಪಿನಲ್ಲಿ 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆಯಲ್ಲಿ ಫಾದರ್ ಎಡ್ಡಿ ಹೆಸರಿನ ಶಾಲಾ ಪಂದ್ಯಾವಳಿ ನಡೆಯುತ್ತದೆ. ಅದರ ಹಿಂದೆ ಶಾಲೆಯ ಹಳೆಯ ವಿದ್ಯಾರ್ಥಿಗಳ ದುಡಿಮೆಯಿದೆ.

ಹೀಗಿರುವಾಗ ನಮ್ಮ ನಾಲ್ಕು ಊರುಗಳಲ್ಲಿ ಅಂಥ ಬಯಲು ಯಾಕಾಗಬಾರದು? ಕುಸ್ತಿಗೆ ಮಣ್ಣಿನ ಕೋಣೆ ಬೇಕು, ಪೈಲ್ವಾನನಿಗೆ ಹಾಲು, ಬದಾಮಿ ಬೇಕು. ಚೆಂಡಿಗೆ ಒಂದು ಬಯಲು ಸಾಕು. ಹನ್ನೊಂದು ಜನ ಸಿಗದಿದ್ದರೆ ಏಳು ಜನ ಆಡಲಿ. ಚಪ್ಪಲಿ ಕಳಚಿಟ್ಟು ಆಡಲಿ, ಬರಿಗಾಲಿನವರು ಒಲಿಂಪಿಕ್ಸಿಗೇ ಹೋಗಿ ಬಂದಿದ್ದಾರೆ. ಹೆಣ್ಣುಮಕ್ಕಳಿಗೂ ದಿನ ಇರಲಿ. ಚೆನ್ನಮ್ಮನ ಕಿತ್ತೂರಿನಲ್ಲಿ 1969ರಿಂದಲೇ ಬಾಲಕಿಯರ ಸೈನಿಕ ಶಾಲೆಯಿದೆ. ಕುದುರೆ ಏರುವುದನ್ನು ಅಲ್ಲಿ ಕಲಿತ ಹುಡುಗಿಯರಿರುವಾಗ ಓಣಿಯ ಹುಡುಗಿ ಚೆಂಡು ಒದ್ದರೆ ಊರು ಮುಳುಗದು.

ಊರು ಮುಳುಗುವುದು ಏನೆಂದು ನಮಗೆ ಗೊತ್ತಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಗೆ, ರಾಮದುರ್ಗಕ್ಕೆ ನುಗ್ಗಿದಳು. ಅಂಥ ರಾತ್ರಿ ಊರಿಗೆ ಬೇಕಾಗುವುದು ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರುವ ಹುಡುಗರು. ಯಾರ ಮನೆಯಲ್ಲಿ ಮುದುಕಿ ಇದ್ದಾಳೆ, ಯಾರಿಗೆ ಈಜು ಬರುತ್ತದೆ ಎಂಬುದು ಅವರಿಗೆ ಗೊತ್ತಿರಬೇಕು. ಆ ಗುರುತು ನೆರೆ ಬಂದ ಮೇಲೆ ಹುಟ್ಟುವುದಿಲ್ಲ. ದಿನವೂ ಸಂಜೆ ಒಟ್ಟಿಗೆ ಬೆವರಿದವರಲ್ಲಿ ತಾನಾಗಿ ಬೆಳೆದಿರುತ್ತದೆ. ಊರಿನಲ್ಲಿ ಸುಳ್ಳು ಸುದ್ದಿ ಹಬ್ಬಿ ಓಣಿ ಓಣಿಗಳ ನಡುವೆ ಅನುಮಾನ ಏಳುವ ರಾತ್ರಿಯೂ ಬೇಕಾಗುವುದು ಅದೇ ಗುರುತು.

ಊರೂರಿಗೆ ಸಭಾಭವನ, ಕಮಾನು ಕಟ್ಟಿಸಲು ನಾವೆಲ್ಲ ವರ್ಗಣಿ ಕೊಡುತ್ತೇವೆ. ಮುಂದಿನ ಸಲ ಒಂದು ಚೆಂಡಿಗೂ ಕೊಡೋಣ. ಸಂಜೆ ಒಂದು ತಾಸು ಬಯಲಿಗೆ ಹೋಗಿ ನಿಲ್ಲುವ ಒಬ್ಬ ವಸ್ತಾದ ಓಣಿಯಲ್ಲಿ ಇದ್ದೇ ಇರುತ್ತಾನೆ, ಅವನನ್ನು ಹುಡುಕೋಣ. ಉರ್ದು ಶಾಲೆಯಲ್ಲಿ ಕಲಿತ ತಾಲೀಮೂ ಓಣಿಯ ತಾಲೀಮೂ ಒಂದೇ ಎಂದು ನಮ್ಮ ಮಕ್ಕಳಿಗೆ ನಮ್ಮಷ್ಟು ತಡವಾಗಿ ತಿಳಿಯಬಾರದು.